ಹಾಸಿಗೆ ನೋಡದೆ ಕಾಲು ಚಾಚಿದ ಬೇರ್ಸ್

ಜನವರಿ 23, 2011. ಷಿಕಾಗೋದ ಸೋಲ್ಜರ್ ಫೀಲ್ಡಿನಲ್ಲಿ ಬೇರ್ಸ್‌ಗೂ ಗ್ರೀನ್ ಬೇ ಪ್ಯಾಕರ್ಸ್‌ಗೂ ಪಂದ್ಯ. ಗೆದ್ದವರು ಸೂಪರ್ ಬೌಲಿಗೆ. ನಮ್ಮ ಬೇಸ್‌ಮೆಂಟಿನಲ್ಲಿ ನಾಲ್ಕು ಕುಟುಂಬ, ಒಂದು ದೊಡ್ಡ ಪಾತ್ರೆ ಬಿಸಿಬೇಳೆಭಾತು. ಮಧ್ಯಂತರ ಕಳೆದು ಸ್ವಲ್ಪ ಹೊತ್ತಿಗೆ ಬೇರ್ಸ್ ಕ್ವಾರ್ಟರ್‌ಬ್ಯಾಕ್ ಜೇ ಕಟ್ಲರ್ ಆಟ ಬಿಟ್ಟು ಬದಿಗೆ ನಿಂತ. “ಮಂಡಿ ನೋವಂತೆ! ಧೈರ್ಯ ಸಾಲದು ಅನ್ನಿ” ಎಂದು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನೇ, ಆ ಕೋಣೆಯಲ್ಲಿದ್ದ ಒಬ್ಬನೇ ಡಾಕ್ಟರು. ಬೇರ್ಸ್ 21-14ರಿಂದ ಸೋತರು. ಮರುದಿನ ಎಂ.ಆರ್.ಐ. ವರದಿ ಬಂತು: ಎಡಮಂಡಿಯ ಒಳಬದಿಯ ಲಿಗಮೆಂಟಿಗೆ ನಿಜವಾಗಿಯೂ ಪೆಟ್ಟಾಗಿತ್ತು. ನನ್ನ ಮಗಳು ಕೇಳಿದಳು: “ಅಪ್ಪ, ಪರೀಕ್ಷೆ ಮಾಡದೆ ನೀವು ಹೇಗೆ ಹೇಳಿಬಿಟ್ಟಿರಿ?”

ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಕೂಟದ ಊಟದ ಸಾಲಿನಲ್ಲಿ ಆ ವರ್ಷದ ಮಾತು ಬಂದರೆ ನಮ್ಮವರು ಕಟ್ಲರ್ ತಲೆಗೇ ಗೂಬೆ ಕೂರಿಸುತ್ತಾರೆ. ಆದ್ದರಿಂದ ತಡವಾಗಿಯಾದರೂ ರೋಗಿಯನ್ನು ಸರಿಯಾಗಿ ಪರೀಕ್ಷೆ ಮಾಡೋಣ ಎಂದು ಈ ಬರಹ.

2010ರ ಫೆಬ್ರವರಿಯಲ್ಲಿ ಬೇರ್ಸ್ ತಂಡ ತನ್ನ ಆಕ್ರಮಣದ ಹೊಣೆಯನ್ನು ಮೈಕ್ ಮಾರ್ಟ್ಸ್ ಕೈಗೆ ಕೊಟ್ಟಿತು. ಆತನದು ಚೆಂಡನ್ನು ಅಡ್ಡಡ್ಡವಾಗಿ ಹತ್ತಿರಕ್ಕೆ ಎಸೆಯುವ ಆಟವಲ್ಲ. ಮೈದಾನದ ಉದ್ದಕ್ಕೆ, ದೂರಕ್ಕೆ ಎಸೆಯುವ ಆಟ. ಇದರ ಮೂಲಪುರುಷರಲ್ಲಿ ಒಬ್ಬ ಸ್ಯಾನ್ ಡಿಯೇಗೋ ಚಾರ್ಜರ್ಸ್‌ನ ಡಾನ್ ಕೊರಿಯೆಲ್. ಆತನ ಕ್ವಾರ್ಟರ್‌ಬ್ಯಾಕ್ ಡಾನ್ ಫೌಟ್ಸ್ 1979ರಿಂದ 1982ರವರೆಗೆ ನಾಲ್ಕು ವರ್ಷವೂ ಪಾಸಿಂಗ್ ಗಜಗಳಲ್ಲಿ ಲೀಗಿಗೇ ಮೊದಲಿಗ. ನೋಡಲು ಸೊಗಸು, ಆದರೆ ದುಬಾರಿ. ಕ್ವಾರ್ಟರ್‌ಬ್ಯಾಕ್ ಏಳು ಹೆಜ್ಜೆ ಹಿಂದೆ ಹೋಗಬೇಕು; ರಿಸೀವರ್‌ಗಳು ದೂರ ಓಡಿ ತಿರುಗುವವರೆಗೆ ಹೊತ್ತು ಬೇಕು. ಆಟಗಾರರನ್ನೆಲ್ಲ ಓಡಲು ಬಿಟ್ಟಷ್ಟೂ ಕಾವಲಿಗೆ ಉಳಿಯುವವರು ಕಡಿಮೆ. ಆಫೆನ್ಸಿವ್ ಲೈನಿನ ಐದು ಜನ ಗೋಡೆಯಾಗಿ ನಿಲ್ಲದಿದ್ದರೆ ಹಿಂದಿರುವವನ ಪಕ್ಕೆಲುಬೇ ಬೆಲೆ ತೆರಬೇಕು.

ಈ ಔಷಧ ಕೆಲಸ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1999ರಲ್ಲಿ ನಾನು ಸೇಂಟ್ ಲೂಯಿಸ್‌ನಲ್ಲಿ ರೆಸಿಡೆಂಟ್. ಅಲ್ಲಿನ ರ‍್ಯಾಮ್ಸ್ ತಂಡಕ್ಕೆ ಆಗ ಇದೇ ಮಾರ್ಟ್ಸ್ ಆಟ ಬರೆದುಕೊಟ್ಟವನು. ಆ ಋತುವಿನಲ್ಲಿ 526 ಪಾಯಿಂಟ್, ಕೊನೆಗೆ ಸೂಪರ್ ಬೌಲ್. ರಾತ್ರಿ ಡ್ಯೂಟಿಯ ನರ್ಸುಗಳಿಂದ ಹಿಡಿದು ರೋಗಿಗಳವರೆಗೆ ಎಲ್ಲರ ಬಾಯಲ್ಲೂ ಕರ್ಟ್ ವಾರ್ನರ್ ಹೆಸರು. ಆದರೆ ಅಲ್ಲಿ ಯಾರಿದ್ದರು ನೋಡಿ: ಎಡ ಟ್ಯಾಕಲ್ ಜಾಗದಲ್ಲಿ 1997ರ ಡ್ರಾಫ್ಟಿನ ಮೊಟ್ಟಮೊದಲ ಆಯ್ಕೆ ಒರ್ಲ್ಯಾಂಡೋ ಪೇಸ್, ಹೊರಗೆ ಐಸಾಕ್ ಬ್ರೂಸ್, ಟೋರಿ ಹೋಲ್ಟ್, ಓಡುವುದರಲ್ಲೂ ಹಿಡಿಯುವುದರಲ್ಲೂ ಒಂದೇ ಋತುವಿನಲ್ಲಿ ಸಾವಿರ ಗಜ ದಾಟಿದ ಮಾರ್ಷಲ್ ಫಾಕ್. ಗಟ್ಟಿ ದೇಹಕ್ಕೆ ಗಟ್ಟಿ ಔಷಧ.

ಇನ್ನು 2010ರ ಷಿಕಾಗೋ. ಕಟ್ಲರ್‌ನ ತೋಳಿನ ಬಲಕ್ಕೆ ಹೆಸರಿಡುವ ಹಾಗಿಲ್ಲ. ಜಾನಿ ನಾಕ್ಸ್ ಗಾಳಿಯಂಥ ಓಟಗಾರ. 51 ಕ್ಯಾಚಿನಲ್ಲಿ 960 ಗಜ ತಂದ. ಅಷ್ಟರಮಟ್ಟಿಗೆ ಮಾರ್ಟ್ಸ್ ಎಣಿಕೆ ಸರಿ. ಆದರೆ ಗೋಡೆ? ಎಡ ಟ್ಯಾಕಲ್ ಆಗಿ ಋತು ಶುರುಮಾಡಿದ ಕ್ರಿಸ್ ವಿಲಿಯಮ್ಸ್ ಎರಡನೇ ವಾರದಲ್ಲೇ ಗಾಯಗೊಂಡ. ವಾಪಸು ಬಂದಾಗ ಗಾರ್ಡ್ ಜಾಗಕ್ಕೆ ಸರಿಸಿದರು. ಬಲ ಟ್ಯಾಕಲ್ ಜಾಗ ಕೊನೆಗೆ ಸಿಕ್ಕಿದ್ದು ಏಳನೇ ಸುತ್ತಿನಲ್ಲಿ ಆರಿಸಿದ ಹೊಸಬ ಜೆಮಾರ್ಕಸ್ ವೆಬ್‌ಗೆ. ಅಕ್ಟೋಬರ್ 3ರಂದು ನ್ಯೂಯಾರ್ಕ್ ಜಯಂಟ್ಸ್ ಎದುರು ಕಟ್ಲರ್‌ನನ್ನು ಮೊದಲರ್ಧದಲ್ಲೇ 9 ಸಲ ನೆಲಕ್ಕೆ ಕೆಡವಿದರು. ತಲೆಗೆ ಪೆಟ್ಟು ಬಿದ್ದು ಮುಂದಿನ ಪಂದ್ಯವೂ ತಪ್ಪಿತು. ಋತು ಮುಗಿಯುವಷ್ಟರಲ್ಲಿ 52 ಸಲ; ಲೀಗಿನಲ್ಲಿ ಬೇರೆ ಯಾವ ಕ್ವಾರ್ಟರ್‌ಬ್ಯಾಕಿಗೂ ಇಷ್ಟು ಪೆಟ್ಟಿಲ್ಲ.

ಮುನ್ಸೂಚನೆ ಇರಲಿಲ್ಲವೇ? ಇತ್ತು. ಮಾರ್ಟ್ಸ್ ಡೆಟ್ರಾಯಿಟ್ ಲಯನ್ಸ್‌ನಲ್ಲಿದ್ದಾಗ ಜಾನ್ ಕಿಟ್ನಾ 2006ರಲ್ಲಿ 63 ಸಲ, 2007ರಲ್ಲಿ 51 ಸಲ ಬಿದ್ದಿದ್ದ. ಒಬ್ಬ ರೋಗಿಯಲ್ಲಿ ಕಂಡ ಅಡ್ಡ ಪರಿಣಾಮವನ್ನು ಇನ್ನೊಬ್ಬನ ಚೀಟಿ ಬರೆಯುವಾಗ ಮರೆಯುವ ಡಾಕ್ಟರನ್ನು ನಾವು ಏನನ್ನುತ್ತೇವೆ?

“11 ಗೆದ್ದು 5 ಸೋತರಲ್ಲ, ಯೋಜನೆ ಫಲಿಸಿತಲ್ಲ” ಎಂದು ಕೆಲವರು ವಾದಿಸುತ್ತಾರೆ. ಲೆಕ್ಕವನ್ನು ಬಿಡಿಸಿ ನೋಡಿ. ಮೊದಲ ಏಳು ಪಂದ್ಯಗಳಲ್ಲಿ 4 ಗೆಲುವು, 3 ಸೋಲು. ಆಮೇಲೆ ಒಂದು ವಾರ ಬಿಡುವು ಸಿಕ್ಕಿತು. ಬಿಡುವಿನ ನಂತರ ಮ್ಯಾಟ್ ಫೋರ್ಟೆ ಕೈಗೆ ಚೆಂಡು ಹೆಚ್ಚು ಕೊಟ್ಟು ಓಡಿಸಿದರು, ದೂರದ ಎಸೆತಕ್ಕೆ ಕಡಿವಾಣ ಹಾಕಿದರು. 7 ಗೆಲುವು, 2 ಸೋಲು. ಬ್ರಯನ್ ಅರ್ಲ್ಯಾಕರ್, ಜೂಲಿಯಸ್ ಪೆಪ್ಪರ್ಸ್ ಇದ್ದ ರಕ್ಷಣಾ ಪಡೆಯ ಪಾಲೂ ದೊಡ್ಡದೇ. ಡೋಸ್ ಇಳಿಸಿದ ಮೇಲೆ ರೋಗಿ ಚೇತರಿಸಿಕೊಂಡರೆ ಅದು ಔಷಧದ ಹೆಚ್ಚುಗಾರಿಕೆಯಲ್ಲ.

ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಗ್ರೆಗ್ ಓಲ್ಸನ್ ಪ್ರಸಂಗ. 2009ರಲ್ಲಿ ಕಟ್ಲರ್‌ನಿಂದ 60 ಕ್ಯಾಚ್ ಹಿಡಿದ ಟೈಟ್ ಎಂಡ್ ಈತ. ಹೊತ್ತು ಸಿಗದ ಕ್ವಾರ್ಟರ್‌ಬ್ಯಾಕಿಗೆ ಹತ್ತಿರದಲ್ಲೇ ಸಿಗುವ ಇಂಥ ದೊಡ್ಡ ಕೈಗಳೇ ಆಸರೆ. ಆದರೆ ಮಾರ್ಟ್ಸ್ ಆಟದಲ್ಲಿ ಟೈಟ್ ಎಂಡ್‌ಗೆ ತಡೆಯುವ ಕೆಲಸವೇ ಹೆಚ್ಚು. 2010ರಲ್ಲಿ ಕ್ಯಾಚು 41ಕ್ಕೆ ಇಳಿಯಿತು. 2011ರ ಬೇಸಿಗೆಯಲ್ಲಿ ಒಂದು ಮೂರನೇ ಸುತ್ತಿನ ಆಯ್ಕೆಗೆ ಅವನನ್ನು ಕೆರೊಲೈನಾಗೆ ಕೊಟ್ಟುಬಿಟ್ಟರು. ಅಲ್ಲಿ 2014ರಿಂದ 2016ರವರೆಗೆ ಸತತ ಮೂರು ವರ್ಷ ಸಾವಿರ ಗಜ ದಾಟಿದ. ಮನೆಯಲ್ಲಿದ್ದ ಬೆಳ್ಳಿ ಬಟ್ಟಲು ಕೊಟ್ಟು ಹಿತ್ತಾಳೆ ತಂದ ಹಾಗಾಯಿತು. ಮಾರ್ಟ್ಸ್ ಕೂಡ 2011ರ ಋತು ಮುಗಿದೊಡನೆ ಹೊರಟ.

ಮಾರ್ಟ್ಸ್ ದಡ್ಡನಲ್ಲ, ಸೇಂಟ್ ಲೂಯಿಸ್‌ನಲ್ಲಿ ಅವನ ಬುದ್ಧಿವಂತಿಕೆಯನ್ನು ಜಗತ್ತೇ ನೋಡಿದೆ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದ ನಮ್ಮಜ್ಜಿಗೆ ಗೊತ್ತಿದ್ದದ್ದು ಅವನಿಗೆ ಹೊಳೆಯಲಿಲ್ಲ. ನಮ್ಮ ಮೇಷ್ಟ್ರು ವಾರ್ಡಿನಲ್ಲಿ ಹೇಳುತ್ತಿದ್ದರು: “ಚೀಟಿ ಬರೆಯೋ ಮೊದಲು ರೋಗಿ ಮುಖ ನೋಡಯ್ಯ.” ಬೇರ್ಸ್ ತಂಡದವರು ನೋಡಲಿಲ್ಲ. ಆ ಭಾನುವಾರ ನಾನೂ ನೋಡಲಿಲ್ಲ. ಏಟು ತಿಂದು ತಿಂದು ಆ ಮೈದಾನದ ಅಂಚಿಗೆ ಬಂದು ನಿಂತವನನ್ನು ಹೇಡಿ ಎಂದು ನಕ್ಕೆ. ಮಗಳಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟೇ: ತಪ್ಪು ನನ್ನದು, ಮಗಳೇ.