ಕೈ ನೋಡಬೇಡಿ, ಕಾಲು ನೋಡಿ

ಡಿಸ್ಕಸ್ ಎಸೆತ ನೋಡಲು ಕೂತ ಹೊಸಬರ ಕಣ್ಣು ನೇರ ತೋಳಿಗೆ ಹೋಗುತ್ತದೆ. ತೋಳಿನ ಸರದಿ ಬರುವುದೇ ಕೊನೆಗೆ. ಅಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತದೆ. ನೋಡುವುದನ್ನು ಕಲಿಯಲು 1948ರಿಂದ 1960ರವರೆಗಿನ ಒಲಿಂಪಿಕ್ಸ್‌ಗಳ ಮಹಿಳಾ ಸ್ಪರ್ಧೆಗಳ ಸುದ್ದಿಚಿತ್ರಗಳು ಸಿಕ್ಕರೆ ಬಿಡಬೇಡಿ.

ಮೊದಲು ಕಾಲು

ಸರ್ಕಲ್‌ನ ಅಗಲ ಎರಡೂವರೆ ಮೀಟರ್ ಮಾತ್ರ. ಬಲಗೈ ಆಟಗಾರ್ತಿ ಮೈದಾನಕ್ಕೆ ಬೆನ್ನು ಮಾಡಿ ನಿಂತು, ಎಡಗಾಲ ಮೇಲೆ ತಿರುಗಿ, ನಡುವೆ ಬಲಗಾಲೂರಿ, ಎಡಗಾಲನ್ನು ಅಂಚಿಗೆ ತಂದು ನಿಲ್ಲಿಸುತ್ತಾಳೆ. ಒಟ್ಟು ಒಂದೂವರೆ ಸುತ್ತು. ಸೊಂಟ ಮುಂದೆ ಓಡಬೇಕು, ತೋಳು ಹಿಂದೆ ಉಳಿಯಬೇಕು. ತೋಳು ಅವಸರಪಟ್ಟರೆ ಎಸೆತ ಕೆಟ್ಟಂತೆ. 1948ರಲ್ಲಿ ಲಂಡನ್‌ನಲ್ಲಿ 41.92 ಮೀಟರ್ ಎಸೆದು ಗೆದ್ದ ಫ್ರಾನ್ಸಿನ ಮಿಷೆಲಿನ್ ಒಸ್ಟರ್‌ಮೇಯರ್ ಪಿಯಾನೋ ವಾದಕಿ. 1956ರಲ್ಲಿ ಮೆಲ್ಬರ್ನ್‌ನಲ್ಲಿ 53.69 ಮೀಟರ್ ಎಸೆದ ಚೆಕೊಸ್ಲೊವಾಕಿಯಾದ ಓಲ್ಗಾ ಫಿಕೊಟೋವಾ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ವೈದ್ಯಕೀಯ ವಿದ್ಯಾರ್ಥಿನಿ. ಬರೀ ತೋಳ್ಬಲದ ಆಟವಾಗಿದ್ದರೆ ಇವರಿಗೆ ಅಲ್ಲೇನು ಕೆಲಸ?

ಆಮೇಲೆ ಗಾಳಿ

ಶಂಶಾಬಾದ್‌ನಲ್ಲಿರುವವರಿಗೆ ಗಾಳಿಯ ಪಾಠ ಹೇಳಿಕೊಡಬೇಕಿಲ್ಲ. ವಿಮಾನ ನಿಲ್ದಾಣದ ಬೇಲಿಯಾಚೆ ನಿಂತು ನೋಡಿ: ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ. ಡಿಸ್ಕಸ್ಸೂ ಹಾಗೆಯೇ, ಹದವಾದ ಎದುರುಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಹೆಂಗಸರದು ಒಂದೇ ಕಿಲೋ, ಗಂಡಸರದು ಎರಡು. ಹಗುರವಾದಷ್ಟೂ ಗಾಳಿಯ ಮಾತು ಹೆಚ್ಚು ನಡೆಯುತ್ತದೆ. ತೋರುಬೆರಳಿಂದ ಉರುಳಿ ಹೊರಟದ್ದು ಅಲುಗಾಡದೆ ಸುತ್ತುತ್ತಾ ಹೋದರೆ ಅದು ಶುದ್ಧ ಎಸೆತ. ಗಾಳಿಯಲ್ಲಿ ತೂರಾಡಿದರೆ ಎಷ್ಟು ಬಲ ಹಾಕಿದ್ದರೂ ನೀರಿನಲ್ಲಿ ಹೋಮ.

ಕೊನೆಗೆ ಅಂಕಿ

ನೀನಾ ರೊಮಾಷ್ಕೋವಾ 1952ರಲ್ಲಿ ಹೆಲ್ಸಿಂಕಿಯಲ್ಲಿ 51.42 ಮೀಟರ್ ಎಸೆದು ಸೋವಿಯತ್ ಒಕ್ಕೂಟಕ್ಕೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ತಂದರು. ಮೂರೂ ಪದಕ ಸೋವಿಯತ್ತಿಗೇ. ಅಲ್ಲಿ 46.29 ಮೀಟರ್‌ಗೆ ಕಂಚು ಪಡೆದ ನೀನಾ ದುಂಬಾದ್ಜೆ ಅದೇ ವರ್ಷ ಟಿಬಿಲಿಸಿಯಲ್ಲಿ ಎಸೆದದ್ದು 57.04! ಆ ವಿಶ್ವದಾಖಲೆ 1960ರವರೆಗೆ ಅಲುಗಲಿಲ್ಲ. ದಾಖಲೆ ಬೇರೆ, ಪದಕದ ದಿನದ ಎಸೆತ ಬೇರೆ. ರೊಮಾಷ್ಕೋವಾ ಮಾತ್ರ ಮದುವೆಯ ನಂತರ ಪೊನೊಮರ್ಯೋವಾ ಆಗಿ 1956ರಲ್ಲಿ ಕಂಚು, 1960ರಲ್ಲಿ ರೋಮ್‌ನಲ್ಲಿ 55.10 ಮೀಟರ್‌ಗೆ ಮತ್ತೆ ಚಿನ್ನ ಗೆದ್ದರು. ಬೇಕಾದ ದಿನ ಬೇಕಾದಷ್ಟು ಎಸೆಯುವ ಈ ಗುಣವನ್ನು ದೆಹಲಿಯ 2010ರ ಕಾಮನ್‌ವೆಲ್ತ್ ಕೂಟದಲ್ಲೂ ಕಾಣಬಹುದು: ಕೃಷ್ಣಾ ಪೂನಿಯಾ 61.51 ಮೀಟರ್‌ಗೆ ಚಿನ್ನ, ಹರ್‌ವಂತ್ ಕೌರ್ ಬೆಳ್ಳಿ, ಸೀಮಾ ಅಂತಿಲ್ ಕಂಚು.

ಎಲ್ಲಿ ಕೂರಬೇಕು?

ಗಚ್ಚಿಬೌಲಿ ಕ್ರೀಡಾಂಗಣದಲ್ಲಿ ಅಥ್ಲೆಟಿಕ್ಸ್ ಕೂಟವಿದ್ದರೆ ಶಂಶಾಬಾದ್‌ನಿಂದ ಹೊರವರ್ತುಲ ರಸ್ತೆ ಹಿಡಿದು ಬೇಗನೇ ಹೋಗಿ. ಫೈನಲ್‌ನ ಮೊದಲ ಮೂರು ಸುತ್ತನ್ನು ಸರ್ಕಲ್ ಸುತ್ತಲಿನ ಬಲೆಯ ಹಿಂದಿನಿಂದ ನೋಡಿ, ಕಾಲು ಕಾಣುತ್ತದೆ. ಉಳಿದ ಎಂಟು ಮಂದಿಯ ಕೊನೆಯ ಮೂರು ಸುತ್ತಿಗೆ ಪಕ್ಕಕ್ಕೆ ಬನ್ನಿ, ಹಾರಾಟ ಕಾಣುತ್ತದೆ. ಅಂತರವನ್ನು ಬೋರ್ಡು ಹೇಳುವ ಮೊದಲು ನೀವೇ ಊಹಿಸಿ.