ಉಟ್ಟ ಬಟ್ಟೆಯಲ್ಲೇ ಸೈಕಲ್ ಹತ್ತಿ

ಕಳೆದ ಭಾನುವಾರ ಮೈಸೂರಿನಲ್ಲಿ ನೆಂಟರ ಮನೆಯ ಮದುವೆಯಿತ್ತು. ಸರಸ್ವತೀಪುರದ ನನ್ನ ಮನೆಯಿಂದ ಛತ್ರಕ್ಕೆ ಎರಡೂವರೆ ಕಿಲೋಮೀಟರ್. ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು, ಮುಯ್ಯಿಯ ಲಕೋಟೆಯಿದ್ದ ಚೀಲವನ್ನು ಮುಂದಿನ ಬುಟ್ಟಿಗೆ ಹಾಕಿ ಸೈಕಲ್ ಹತ್ತಿದೆ. ಹದಿನೈದು ನಿಮಿಷಕ್ಕೆ ಛತ್ರದ ಬಾಗಿಲಲ್ಲಿದ್ದೆ. ನಿಲ್ಲಲು ಜಾಗ ಹುಡುಕುತ್ತಿದ್ದ ಕಾರುಗಳು ರಸ್ತೆಯ ತುದಿಯವರೆಗೂ ಸಾಲುಗಟ್ಟಿದ್ದವು. ನನ್ನ ಸೈಕಲ್ಲಿಗೆ ವಾಲಗದವರ ವ್ಯಾನಿನ ಪಕ್ಕದ ಮೊಳದಗಲ ಜಾಗ ಸಾಕಾಯಿತು.

ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸು ನನ್ನದೇ ವಯಸ್ಸಿನವರು. ಹೋಳಿಗೆ ಬರುವ ಹೊತ್ತಿಗೆ ಮೆಲ್ಲಗೆ ಕೇಳಿದರು: "ಸೈಕಲ್ಲಲ್ಲಿ ಬಂದಿದ್ದು ನೀವೇ ಅಲ್ವೇ? ನಾನೂ ಹೈಸ್ಕೂಲಿಗೆ ಸೈಕಲ್ ತುಳ್ಕೊಂಡೇ ಹೋಗ್ತಿದ್ದೆ ಕಣ್ರೀ. ಈಗ್ಲೂ ಆಸೆ ಇದೆ. ಆದ್ರೆ ಆ ಬಿಗಿ ಡ್ರೆಸ್ಸು, ತಲೆಗೆ ಆ ಟೋಪಿ, ಕಣ್ಣಿಗೆ ಬಣ್ಣದ ಕನ್ನಡಕ, ಅದೆಲ್ಲ ನಮ್ಮಂಥೋರಿಗೆ ಆಗುತ್ತಾ?"

"ನಾನೇನು ಉಟ್ಟಿದ್ದೀನಿ ನೋಡಿ" ಅಂದೆ. ಅವರು ಎಡಗೈಯಲ್ಲಿ ನನ್ನ ಸೀರೆಯ ಅಂಚನ್ನು ಎತ್ತಿ ನೋಡಿದರು. ಎಣ್ಣೆ ಕಲೆಯಿರಲಿಲ್ಲ. ಈ ವಾರದ ಅಂಕಣ ಅವರಿಗಾಗಿ.

ನಮ್ಮ ಊರುಗಳಲ್ಲಿ ಈಗ ಸೈಕಲ್ ಎಂದೊಡನೆ ಎರಡು ಚಿತ್ರಗಳು ಕಣ್ಣಿಗೆ ಬರುತ್ತವೆ. ಮೊದಲನೆಯದು ಭಾನುವಾರ ನಸುಕಿನಲ್ಲೇ ಚಾಮುಂಡಿ ಬೆಟ್ಟ ಹತ್ತುವ ತಂಡ. ಮೈಗಂಟಿದ ಜರ್ಸಿ, ಬೆರಳಲ್ಲಿ ಎತ್ತಬಹುದಾದಷ್ಟು ಹಗುರ ಸೈಕಲ್ಲು. ಎರಡನೆಯದು ಹಾಲಿನ ಕ್ಯಾನು, ಪೇಪರಿನ ಕಟ್ಟು, ಗಾರೆ ಕೆಲಸದ ಕರಣೆ ಹೊತ್ತು ಹೊರಟವರದು. ಒಂದು ಕ್ರೀಡೆ, ಇನ್ನೊಂದು ಹೊಟ್ಟೆಪಾಡು. ಎರಡರ ಬಗ್ಗೆಯೂ ನನಗೆ ಗೌರವವಿದೆ. ಆದರೆ ಬ್ಯಾಂಕಿಗೆ, ಲೈಬ್ರರಿಗೆ, ತರಕಾರಿಗೆ, ಗೆಳತಿಯ ಮನೆಗೆ ತಮ್ಮ ಪಾಡಿಗೆ ತಾವು ಸೈಕಲ್ ತುಳಿದು ಹೋಗುತ್ತಿದ್ದವರ ಚಿತ್ರ ಈ ಎರಡರ ನಡುವೆ ಎಲ್ಲೋ ಅಳಿಸಿಹೋಗಿದೆ.

ಅದು ಇತ್ತು ಎಂಬುದಕ್ಕೆ ನಾನೇ ಸಾಕ್ಷಿ. ಗುಮಾಸ್ತರಾಗಿದ್ದ ನನ್ನ ತಂದೆ ಇಸ್ತ್ರಿ ಮಾಡಿದ ಪ್ಯಾಂಟಿನ ಬಲಗಾಲಿಗೆ ಉಕ್ಕಿನ ಕ್ಲಿಪ್ಪು ಸಿಕ್ಕಿಸಿ, ಊಟದ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಆಫೀಸಿಗೆ ಹೊರಡುತ್ತಿದ್ದರು. ನಮ್ಮ ಗಣಿತದ ಮೇಷ್ಟ್ರು ಬರುತ್ತಿದ್ದುದು ಕಚ್ಚೆಪಂಚೆ, ಕೋಟಿನಲ್ಲಿ. ಸಂಜೆ ಕತ್ತಲಾದರೆ ಡೈನಮೊವನ್ನು ಟೈರಿಗೆ ಒತ್ತಿಸಿ ದೀಪ ಹೊತ್ತಿಸಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಪೊಲೀಸಿನವರು ಚಕ್ರದ ಗಾಳಿ ಬಿಡುತ್ತಿದ್ದರು. ತಂದೆಯ ಆ ದೊಡ್ಡ ಸೈಕಲ್ಲಿನಲ್ಲೇ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ನಾನು ಕಲಿತದ್ದು. ತೊಟ್ಟಿದ್ದು ಲಂಗ. ಇದಕ್ಕೆ ಬೇರೆ ಬಟ್ಟೆ ಬೇಕು ಎಂದು ಯಾರೂ ಹೇಳಲಿಲ್ಲ.

ಕೋಪನ್‌ಹೇಗನ್ನಿನಲ್ಲಿ ಮೈಕೆಲ್ ಕೋಲ್ವಿಲ್-ಆಂಡರ್ಸನ್ ಎಂಬವರು 2006ರಲ್ಲಿ ಒಂದು ಫೋಟೊ ತೆಗೆದರು. ಸ್ಕರ್ಟು, ಬೂಟು ತೊಟ್ಟ ಹೆಂಗಸೊಬ್ಬಳು ಸೈಕಲ್ಲಿನ ಮೇಲಿದ್ದಾಳೆ, ಅಷ್ಟೇ. ಮರುವರ್ಷದಿಂದ ಇಂಥ ಚಿತ್ರಗಳನ್ನು ಅವರು 'ಸೈಕಲ್ ಶಿಕ್' ಎಂಬ ಹೆಸರಿನಲ್ಲಿ ಪ್ರಕಟಿಸತೊಡಗಿದರು. ಸೈಕಲ್ಲಿಗೆ ಬೇಕಾದದ್ದು ನಿಮ್ಮ ಬೀರುವಿನಲ್ಲೇ ಇದೆ ಎಂಬುದು ಅವರ ಮಾತಿನ ಸಾರ. ಆ ಊರಿನವರಿಗೆ ಅದು ದಿನನಿತ್ಯದ ನೋಟ, ಹೊರಜಗತ್ತಿಗೆ ಹೊಸ ಸುದ್ದಿ. ನಮಗೋ ಅದು ಹಳೆಯ ನೆನಪು.

ಬಟ್ಟೆಗೆ ತಕ್ಕ ಸೈಕಲ್ಲು ಕೊಳ್ಳಬೇಕೇ ಹೊರತು ಸೈಕಲ್ಲಿಗೆ ತಕ್ಕಂತೆ ಬಟ್ಟೆ ಬದಲಿಸಬಾರದು ಎನ್ನುವುದು ಇಷ್ಟು ವರ್ಷ ತುಳಿದ ಮೇಲೆ ನಾನು ಕಂಡುಕೊಂಡ ಸತ್ಯ. ಜಾನ್ ಕೆಂಪ್ ಸ್ಟಾರ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತನ್ನ 'ರೋವರ್' ಸೈಕಲ್ಲನ್ನು ಹೊರತಂದದ್ದು 1885ರಲ್ಲಿ. ಹೆಚ್ಚುಕಡಿಮೆ ಸಮನಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಇಂದಿನ ಸೈಕಲ್ಲಿನ ರೂಪ ಆಗಲೇ ನಿಂತಿತು. ಕೆಲವೇ ವರ್ಷಗಳಲ್ಲಿ ಉದ್ದನೆಯ ನಿಲುವಂಗಿಯ ಹೆಂಗಸರಿಗಾಗಿ ಮೇಲಿನ ಬಾರನ್ನು ಕೆಳಗಿಳಿಸಿ ಬಾಗಿಸಿದರು, ಹಿಂದಿನ ಚಕ್ರಕ್ಕೆ ಎರಡೂ ಕಡೆ ದಾರದ ಬಲೆ ಹೆಣೆದರು, ಚೈನನ್ನು ಪೆಟ್ಟಿಗೆಯೊಳಗೆ ಮುಚ್ಚಿದರು. ಬಟ್ಟೆಯ ಸಮಸ್ಯೆ ಬಗೆಹರಿದು ನೂರಮೂವತ್ತು ವರ್ಷ ಕಳೆದಿದೆ. ಹೊಸ ಸೈಕಲ್ಲುಗಳ ಮಿಂಚಿನಲ್ಲಿ ನಾವು ಆ ಉತ್ತರವನ್ನು ಕಳೆದುಕೊಂಡಿದ್ದೇವೆ.

ಆದ್ದರಿಂದ ಅಂಗಡಿಗೆ ಹೋದಾಗ ಬಣ್ಣ, ಗೇರಿನ ಸಂಖ್ಯೆ ನೋಡುವ ಮೊದಲು ಇವನ್ನು ನೋಡಿ. ಚೈನಿಗೆ ಪೂರ್ತಿ ಮುಚ್ಚುವ ಕವರ್ ಇದೆಯೇ? ಎರಡೂ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್ ಇದೆಯೇ? ಹಿಂದೆ ಕ್ಯಾರಿಯರ್, ಕಡ್ಡಿಗಳಿಗೆ ಸೀರೆ ಸಿಕ್ಕದಂತೆ ಗಾರ್ಡ್, ಗಟ್ಟಿ ಸ್ಟ್ಯಾಂಡು, ಕಿವಿಗೆ ಕೇಳುವ ಬೆಲ್ಲು ಇವೆಯೇ? ಹ್ಯಾಂಡಲ್ ನಿಮ್ಮ ಕಡೆಗೆ ಬಾಗಿರಲಿ. ಆಗ ಬೆನ್ನು ನೇರ ನಿಲ್ಲುತ್ತದೆ, ತಲೆ ಎತ್ತಿರುತ್ತದೆ, ನಾಲ್ಕು ದಿಕ್ಕೂ ಕಾಣುತ್ತದೆ. ಮುಂದಕ್ಕೆ ಬಾಗಿ ತುಳಿಯುವವರಿಗೆ ಸಣ್ಣ ಸೀಟು ಸರಿ. ನೇರ ಕೂರುವವರ ಭಾರವೆಲ್ಲ ಸೀಟಿನ ಮೇಲೇ ಬೀಳುವುದರಿಂದ ನಮಗೆ ಸ್ಪ್ರಿಂಗಿನ ಅಗಲ ಸೀಟೇ ಬೇಕು. ಪೆಡಲ್ ಕೆಳಗಿಳಿದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟಿನ ಎತ್ತರಕ್ಕೆ ಅದೇ ಅಳತೆ. ಬಹಳ ವರ್ಷದ ಮೇಲೆ ಹತ್ತುವವರು ಮೊದಲ ತಿಂಗಳು ಇನ್ನೂ ಸ್ವಲ್ಪ ತಗ್ಗಿಸಿಕೊಳ್ಳಲಿ. ನೆಲಕ್ಕೆ ಕಾಲು ಎಟುಕಿದರೆ ಧೈರ್ಯ ಬರುತ್ತದೆ.

ಬಾರಿಲ್ಲದ ಸೈಕಲ್ಲಿಗೆ ನಾವು ಲೇಡೀಸ್ ಸೈಕಲ್ ಎಂದು ಹೆಸರಿಟ್ಟಿದ್ದೇವೆ. ಇದರಿಂದ ನಷ್ಟವಾದದ್ದು ಗಂಡಸರಿಗೆ. ಪಂಚೆ ಉಡುವವರಿಗೆ, ಮಂಡಿನೋವಿನವರಿಗೆ, ಹಿಂದೆ ಮಗುವನ್ನು ಕೂರಿಸಿಕೊಂಡು ಕಾಲೆತ್ತಲಾಗದವರಿಗೆ ಇದಕ್ಕಿಂತ ಅನುಕೂಲದ ಸೈಕಲ್ಲಿಲ್ಲ. ಡಚ್ಚರು ಇಂಥದ್ದನ್ನು ಅಜ್ಜಿ ಸೈಕಲ್ ಎನ್ನುತ್ತಾರೆ; ಅಲ್ಲಿ ಕಾಲೇಜಿನ ಹುಡುಗರೂ ಅದನ್ನು ತುಳಿಯುತ್ತಾರೆ.

ಇಪ್ಪತ್ತೊಂದು ಗೇರು ಬೇಡ. ನನ್ನ ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18 ಹಲ್ಲು, ಒಂದೇ ಗೇರು. ಪೆಡಲ್ ಒಂದು ಸುತ್ತು ಬಂದರೆ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ ಐವತ್ತು ಸುತ್ತು ನಿಧಾನವಾಗಿ ತುಳಿದರೂ ಗಂಟೆಗೆ 16 ಕಿಲೋಮೀಟರ್. ಪೇಟೆಗೆ ಇದು ಧಾರಾಳ. ಶಿವಮೊಗ್ಗ, ದಾವಣಗೆರೆಯಂಥ ಕಡೆಯೂ ಇಷ್ಟೇ ಸಾಕು. ಏರಿಳಿತದ ಧಾರವಾಡ, ಮಡಿಕೇರಿಯವರಿಗೆ ಮಾತ್ರ ಗೇರು ಬೇಕಾಗುತ್ತದೆ.

ಇನ್ನು ಬಟ್ಟೆಯ ಮಾತು. ಸೀರೆಯಲ್ಲಿ ಎರಡು ಕಡೆ ಎಚ್ಚರ ಬೇಕು, ನೆರಿಗೆ ಮತ್ತು ಸೆರಗು. ಸೀರೆಯನ್ನು ಎರಡು ಬೆರಳು ಮೇಲಕ್ಕೆ ಉಟ್ಟು, ಮಂಡಿಯ ಹತ್ತಿರ ನೆರಿಗೆಗೆ ಒಂದು ಪಿನ್ನು ಹಾಕುತ್ತೇನೆ. ಸೆರಗನ್ನು ಬೆನ್ನಿನಿಂದ ಸುತ್ತಿ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸುತ್ತೇನೆ. ಗದ್ದೆ ನಾಟಿಗೆ ಇಳಿಯುವ ಹೆಂಗಸರು ಸೆರಗು ಕಟ್ಟುವುದೂ ಹೀಗೆಯೇ. ದಿನಕ್ಕೆ ಒಳ್ಳೆಯದು ಮೆತ್ತನೆಯ ಕೈಮಗ್ಗದ ಹತ್ತಿ. ಗಂಜಿ ಹಾಕಿದ ಸೀರೆ ಗಾಳಿಗೆ ಕೊಡೆಯಂತೆ ಅರಳುತ್ತದೆ, ಬೇಡ. ರೇಷ್ಮೆಯಲ್ಲಿ ನಮ್ಮ ಮೈಸೂರು ಸಿಲ್ಕಿಗೆ ಸಮನಿಲ್ಲ. 1912ರಿಂದ ಈ ಊರಲ್ಲಿ ನೇಯುತ್ತಿರುವ ಆ ಕ್ರೇಪ್ ರೇಷ್ಮೆ ಮೈಗೆ ಒರಗಿ ನಿಲ್ಲುತ್ತದೆ, ಹಾರುವುದಿಲ್ಲ, ಸೀಟಿನ ಮೇಲೆ ಕೂತೆದ್ದರೂ ಸುಕ್ಕಾಗುವುದಿಲ್ಲ.

ಚೂಡಿದಾರ ಸೀರೆಗಿಂತ ಸುಲಭ. ಆದರೆ ದುಪಟ್ಟಾ ಮಾತ್ರ ಅಪಾಯಕಾರಿ. ಗಾಳಿಗೆ ಬಿಟ್ಟ ದುಪಟ್ಟಾ ಚಕ್ರಕ್ಕೆ ಸಿಕ್ಕಿದರೆ ಕತ್ತನ್ನು ಬಿಗಿಯುತ್ತದೆ. ಅದನ್ನು ಅಡ್ಡಲಾಗಿ ಹಾಕಿ ಸೊಂಟದ ಬಳಿ ಗಂಟು ಕಟ್ಟಿ. ಇಲ್ಲವೇ ಮಡಿಸಿ ಬುಟ್ಟಿಯಲ್ಲಿಡಿ. ಈ ವಿಷಯದಲ್ಲಿ ಒಂದು ದಿನವೂ ಉದಾಸೀನ ಬೇಡ. ಗಂಡಸರು ಪ್ಯಾಂಟಿನ ಬಲಗಾಲಿಗೆ ಕ್ಲಿಪ್ಪು ಹಾಕಲಿ, ಜುಬ್ಬದ ಹಿಂಭಾಗವನ್ನು ಸೀಟಿಗೆ ಸಿಕ್ಕದಂತೆ ಮುಂದಕ್ಕೆ ಎಳೆದುಕೊಂಡು ಕೂರಲಿ. ಪಂಚೆಯನ್ನು ಮಂಡಿಯವರೆಗೆ ಎತ್ತಿ ಕಟ್ಟಿ ತುಳಿಯುವುದನ್ನು ನಮ್ಮ ಹಳ್ಳಿಯ ಹಿರಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಚಪ್ಪಲಿಗೆ ಹಿಂದೆ ಪಟ್ಟಿಯಿರಲಿ. ಬ್ಯಾಗನ್ನು ಬೆನ್ನಿಗೆ ಏರಿಸಬೇಡಿ, ಕ್ಯಾರಿಯರಿಗೆ ಕಟ್ಟಿ. ಬೆನ್ನು ಒದ್ದೆಯಾಗುವುದಕ್ಕೆ ಅರ್ಧ ಕಾರಣ ಬ್ಯಾಗು.

ಇನ್ನರ್ಧ ಕಾರಣ ಅವಸರ. ಗಾಳಿಯನ್ನು ಸೀಳುವ ಶ್ರಮ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 15 ಕಿಲೋಮೀಟರಿನಿಂದ 20ಕ್ಕೆ ಹೋದರೆ ಆ ಶ್ರಮ ಎರಡು ಪಟ್ಟನ್ನೂ ಮೀರುತ್ತದೆ. ಮೂರು ಕಿಲೋಮೀಟರಿನ ದಾರಿಯಲ್ಲಿ ಇದರಿಂದ ಉಳಿಯುವುದು ಮೂರೇ ನಿಮಿಷ. ಆ ಮೂರು ನಿಮಿಷ ಬಿಟ್ಟುಕೊಟ್ಟರೆ ಇಸ್ತ್ರಿಯ ಅಂಗಿ ಇಸ್ತ್ರಿಯಾಗಿಯೇ ಆಫೀಸು ತಲುಪುತ್ತದೆ. ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿರುವ ಮೈಸೂರಿನ ಹವೆಯಲ್ಲಿ ವರ್ಷದ ಬಹುಪಾಲು ಬೆಳಗು ಸೈಕಲ್ಲಿಗೆ ಹೇಳಿಮಾಡಿಸಿದ್ದು.

ಇಷ್ಟೆಲ್ಲ ಕೇಳಿದ ಮೇಲೂ ಉಳಿಯುವುದು ಭಯ. ಅದನ್ನು ನಾನು ಹಗುರ ಮಾಡುವುದಿಲ್ಲ. ಬಸ್ಸು ಪಕ್ಕದಲ್ಲೇ ಹಾದುಹೋದಾಗ ನನ್ನ ಎದೆಯೂ ಹೊಡೆದುಕೊಳ್ಳುತ್ತದೆ. ದೊಡ್ಡ ರಸ್ತೆ ಬಿಟ್ಟು ಒಳಗಿನ ಕ್ರಾಸುಗಳಲ್ಲಿ ದಾರಿ ಹುಡುಕಿಕೊಳ್ಳಿ. ನಾನು ದೇವರಾಜ ಮಾರುಕಟ್ಟೆಗೆ ಹೋಗುವಾಗ ಮರಗಳ ನೆರಳಿನ ಕೃಷ್ಣರಾಜ ಬುಲೆವಾರ್ಡನ್ನು ಬಳಸಿಯೇ ಹೋಗುತ್ತೇನೆ, ಸುತ್ತಾದರೂ ಚಿಂತೆಯಿಲ್ಲ. ನಿಂತ ಕಾರುಗಳಿಂದ ಒಂದು ಮಾರು ದೂರವಿರಿ, ಯಾರೋ ಥಟ್ಟನೆ ಬಾಗಿಲು ತೆಗೆಯುತ್ತಾರೆ. ಕತ್ತಲಲ್ಲಿ ಹಿಂದಿನ ಕೆಂಪು ದೀಪ ಇರಲೇಬೇಕು. ವರ್ತುಲ ರಸ್ತೆಗೆ ಇಳಿಯುವ ದಿನ ನಾನು ಹೆಲ್ಮೆಟ್ ಹಾಕುತ್ತೇನೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದು ಸೈಕಲ್ಲು. ಪೀಟರ್ ಜೇಕಬ್ಸನ್ ಎಂಬ ಸಂಶೋಧಕರು ಅಮೆರಿಕ ಮತ್ತು ಯುರೋಪಿನ ಊರುಗಳ ಅಂಕಿಅಂಶ ಹೋಲಿಸಿ 2003ರಲ್ಲಿ ಒಂದು ಲೇಖನ ಪ್ರಕಟಿಸಿದರು. ನಡೆಯುವವರು, ಸೈಕಲ್ ತುಳಿಯುವವರು ಹೆಚ್ಚಿದಷ್ಟೂ ಅವರಲ್ಲಿ ಒಬ್ಬೊಬ್ಬರಿಗೂ ಇರುವ ಅಪಾಯ ಕಡಿಮೆಯಾಗುತ್ತದೆ ಎಂಬುದು ಅದರ ತೀರ್ಮಾನ. ಸೈಕಲ್ಲನ್ನು ದಿನವೂ ಕಾಣುವ ಚಾಲಕನ ಕಣ್ಣು ಅದಕ್ಕಾಗಿ ಕಾಯುತ್ತದೆ. ಡಚ್ಚರ ಊರುಗಳೂ ಸೈಕಲ್ಲಿಗೆ ಯಾವಾಗಲೂ ಸುರಕ್ಷಿತವಾಗಿರಲಿಲ್ಲ. ರಸ್ತೆಯಲ್ಲಿ ಮಕ್ಕಳು ಸಾಯುವುದನ್ನು ಸಹಿಸದ ತಾಯಿತಂದೆಯರು 1970ರ ದಶಕದಲ್ಲಿ ಬೀದಿಗಿಳಿದು ಕೇಳಿದ ಮೇಲೆ ಅಲ್ಲಿ ಇಂದಿನ ಸೈಕಲ್ ಪಥಗಳು ಬಂದವು.

ನಮ್ಮಲ್ಲೂ ಒಳ್ಳೆಯ ಹೆಜ್ಜೆಗಳಾಗಿವೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಯೋಜನೆ 450 ಸೈಕಲ್ಲುಗಳೊಂದಿಗೆ ಶುರುವಾಯಿತು. ಬೆಂಗಳೂರಿನ ಜಯನಗರದಲ್ಲಿ ಸೈಕಲ್ ಪಥ ಹಾಕಿದರು. ಅದರ ಮೇಲೆ ಕಾರು, ಸ್ಕೂಟರುಗಳು ಬಂದು ನಿಂತವು. ಬಳಸುವವರು ಸಾಕಷ್ಟಿಲ್ಲದ ಪಥವನ್ನು ಕಾಯುವವರೂ ಇರುವುದಿಲ್ಲ. ಪಥ ಬರಲಿ, ಆಮೇಲೆ ತುಳಿಯುತ್ತೇವೆ ಎಂದು ಕಾದರೆ ಎರಡೂ ಆಗುವುದಿಲ್ಲ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು. ಎರಡು ಜಡೆ, ರಿಬ್ಬನ್ನು, ಸಮವಸ್ತ್ರದ ಹೆಣ್ಣುಮಕ್ಕಳು ಊರೂರಿನ ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದುದನ್ನು ನೋಡಿದಾಗ ಆದ ಸಂತೋಷ ಇನ್ನೂ ನೆನಪಿದೆ. ಆ ಮೊದಲ ಸಾಲಿನವರು ಈಗ ಮೂವತ್ತು ದಾಟಿದ್ದಾರೆ. ಎಷ್ಟೋ ಮಂದಿ ಮೈಸೂರು, ಬೆಂಗಳೂರು, ಹುಬ್ಬಳ್ಳಿಯಲ್ಲಿ ನೆಲೆಸಿದ್ದಾರೆ. ಅವರಿಗೆ ಸೈಕಲ್ ಹೊಸದಾಗಿ ಕಲಿಸಬೇಕಾಗಿಲ್ಲ. ಒಮ್ಮೆ ಕಲಿತದ್ದನ್ನು ಮೈ ಮರೆಯುವುದಿಲ್ಲ.

ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಆ ತಾಯಿಗೂ, ಅವರಂತೆ ಆಸೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡ ಎಲ್ಲರಿಗೂ ನನ್ನದೊಂದು ಕೋರಿಕೆ. ಈ ವಾರ ಮೂರು ಕಿಲೋಮೀಟರಿನೊಳಗಿನ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಹೂವಿಗೋ, ಔಷಧಿಗೋ, ದೇವಸ್ಥಾನಕ್ಕೋ. ಮೂಲೆಯಲ್ಲಿ ನಿಂತ ಸೈಕಲ್ಲನ್ನು ಒರೆಸಿ, ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ, ಬ್ರೇಕು ಬಿಗಿ ಮಾಡಿಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಡಿ. ಕನ್ನಡಿಯ ಮುಂದೆ ನಿಂತು ಬಟ್ಟೆ ಬದಲಿಸಬೇಡಿ. ಉಟ್ಟ ಬಟ್ಟೆಯಲ್ಲೇ ಹೊರಡಿ.