ಪ್ರೀತಿಯ ಖರ್ಚು ಯಾರ ಲೆಕ್ಕಕ್ಕೆ?

ಅಂತಸ್ತು ಕೂಡದ ಗಂಡು ಹೆಣ್ಣು ಮೊದಲು ಜಗಳ ಆಡ್ತಾರೆ, ಆಮೇಲೆ ನಂಬ್ತಾರೆ, ನಂಬುತ್ತಾ ನಂಬುತ್ತಾ ಇಬ್ಬರೂ ಬೆಳೀತಾರೆ. ಪ್ರೇಮ ಕಾದಂಬರಿಗಳ ಈ ಹಾದಿ ಎಲ್ಲರಿಗೂ ಗೊತ್ತಿದ್ದದ್ದೇ. ಇದನ್ನು ಬರೀ ಹಗಲುಗನಸು ಎಂದು ತಳ್ಳಿಹಾಕುವುದು ದೊಡ್ಡ ವಿಮರ್ಶಕರ ಚಟ. ನಮ್ಮ ಹಾಸ್ಟೆಲಿನ ಹುಡುಗ ಹುಡುಗಿಯರೂ ಇವನ್ನು ಓದ್ತಾರೆ. ಓದಲಿ. ಆದರೆ ಒಂದು ಪ್ರಶ್ನೆ ಕೇಳಿಕೊಂಡು ಓದಲಿ: ಆ ನಂಬಿಕೆ ಯಾವ ನೆಲದ ಮೇಲೆ ನಿಂತಿದೆ? ಅದರ ಖರ್ಚು ಯಾರ ಲೆಕ್ಕಕ್ಕೆ ಬಿತ್ತು?

ಇಂಥ ಕಥೆಗಳ ತಾಯಿಬೇರುಗಳಲ್ಲಿ ಒಂದು, ಶಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ (1847). ಜೇನ್ ಅನಾಥೆ. ಶ್ರೀಮಂತ ರೋಚೆಸ್ಟರನ ಮನೆಯಲ್ಲಿ ಸಂಬಳಕ್ಕೆ ಪಾಠ ಹೇಳುವವಳು. ಅವನು ಅವಳಿಗೆ ಮನಸ್ಸು ಕೊಟ್ಟದ್ದು ನಿಜ, ಸುಳ್ಳು ಹೇಳಿದ್ದೂ ನಿಜ. ಬದುಕಿರುವ ಹೆಂಡತಿಯನ್ನು ಮೇಲ್ಮಹಡಿಯಲ್ಲಿ ಕೂಡಿಹಾಕಿ ಇವಳ ಜೊತೆ ಮದುವೆಗೆ ನಿಂತ. ಗುಟ್ಟು ರಟ್ಟಾದಾಗ, ಇಟ್ಟುಕೊಂಡವಳಾಗಿ ಬಾಳಲಾರೆ ಎಂದು ಜೇನ್ ಪುಡಿಗಾಸು ಹಿಡಿದು ಹೊರಟಳು. ಈ ನಿರಾಕರಣೆಯೇ ಕಾದಂಬರಿಯ ಜೀವ.

ಮುಂದೇನಾಯಿತು? ಮದೀರಾ ದ್ವೀಪದಲ್ಲಿ ವ್ಯಾಪಾರ ಮಾಡಿದ ತಂದೆಯ ಸೋದರನ 20,000 ಪೌಂಡ್ ಅವಳಿಗೆ ಬಂತು. ಬಂಧುಗಳಿಗೆ ಹಂಚಿ 5,000 ಉಳಿಸಿಕೊಂಡಳು. ಅತ್ತ ರೋಚೆಸ್ಟರನ ಬಂಗಲೆ ಸುಟ್ಟು, ಅವನು ಒಂದು ಕೈಯನ್ನೂ ಕಣ್ಣನ್ನೂ ಕಳೆದುಕೊಂಡ. ಮದುವೆ ಆದದ್ದು ಆಮೇಲೆ. ಸಮಾನತೆ ಬರೀ ಹೃದಯದಿಂದ ಬರುವುದಿಲ್ಲ ಎಂಬ ಸತ್ಯ ಬ್ರಾಂಟೆಗೆ ಗೊತ್ತಿತ್ತು. ಅದು ಅವಳ ಪ್ರಾಮಾಣಿಕತೆ.

ಆದರೆ ಲೆಕ್ಕ ಮುಗಿಯಲಿಲ್ಲ. ಆ ಹುಚ್ಚು ಹೆಂಡತಿ ಬರ್ತಾ ಜಮೈಕಾದವಳು. ಅವಳ ಜೊತೆ ರೋಚೆಸ್ಟರನಿಗೆ ಬಂದದ್ದು 30,000 ಪೌಂಡ್. ಅವಳಪ್ಪ ತೋಟದ ಮಾಲೀಕ, ವ್ಯಾಪಾರಿ. ಜಮೈಕಾದ ತೋಟಗಳೆಂದರೆ ಗುಲಾಮರ ಬೆವರು. ಆ ಗುಲಾಮರಿಗೆ ಕಾದಂಬರಿಯಲ್ಲಿ ಹೆಸರೂ ಇಲ್ಲ. ಜೇನ್ ಬೆಳೆದಳು, ರೋಚೆಸ್ಟರ್ ಬೆಳೆದ. ಬರ್ತಾ ಮಾಳಿಗೆಯಿಂದ ಬಿದ್ದು ಸತ್ತಳು. ಅವಳ ಕಡೆಯ ಕಥೆ ಹೇಳಲು 1966ರಲ್ಲಿ ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ ಬರಬೇಕಾಯಿತು.

ಏನೇ ಇರಲಿ, ಬಡತನವನ್ನು ಒಂದು ಉಯಿಲು ಅಳಿಸೀತು. ಜಾತಿಯನ್ನು ಯಾವ ಉಯಿಲು ಅಳಿಸುತ್ತದೆ? ಈ ಪ್ರಶ್ನೆಗೆ ನಮ್ಮ ನೆರೆಯ ಕೇರಳದ ಕಥೆ ನೋಡಬೇಕು, ಅರುಂಧತಿ ರಾಯ್ ಅವರ ‘ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್’ (1997). ಅಮ್ಮು ಸಿರಿಯನ್ ಕ್ರೈಸ್ತ ಮನೆತನದವಳು, ಗಂಡನನ್ನು ಬಿಟ್ಟುಬಂದವಳು. ವೆಲುತ ಪರವನ್ ಜಾತಿಯ ಬಡಗಿ. ಉಪ್ಪಿನಕಾಯಿ ಕಾರ್ಖಾನೆಯ ಯಂತ್ರಗಳೆಲ್ಲ ಅವನ ಕೈಯಲ್ಲೇ ರಿಪೇರಿ. ಆದರೂ ಮುಟ್ಟಬಲ್ಲ ಜಾತಿಯ ಬಡಗಿಗಿಂತ ಕಮ್ಮಿ ಕೂಲಿ. ಈ ಇಬ್ಬರ ನಂಬಿಕೆಯಲ್ಲಿ ಕೊರತೆಯಿಲ್ಲ. ಇಲ್ಲದ್ದು ದಿನಗಳು. ಅದಕ್ಕೇ ನಾಳೆಗಿಂತ ಆಚೆಯ ಮಾತನ್ನು ಅವರು ಆಡುವುದಿಲ್ಲ. ಸುಳ್ಳು ದೂರು ಬೀಳುತ್ತದೆ, ಪಕ್ಷದ ಮುಖಂಡ ಜಾರಿಕೊಳ್ಳುತ್ತಾನೆ, ಪೊಲೀಸರು ವೆಲುತನನ್ನು ಬಡಿದು ಕೊಲ್ಲುತ್ತಾರೆ. ಮನೆಯಿಂದ ಹೊರಬಿದ್ದ ಅಮ್ಮು 31ಕ್ಕೇ ಸಾಯುತ್ತಾಳೆ. ಜೊತೆಯಾಗಿ ಬೆಳೆಯಲು ಪುರುಸೊತ್ತು ಕೊಟ್ಟವರು ಯಾರು?

ಜಾತಿ ಒಡೆಯುವ ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂದರು ಬಾಬಾಸಾಹೇಬರು, 1936ರಲ್ಲೇ. ಜನ ಅದಕ್ಕೆ ಒಪ್ಪದಂತೆ ಮಾಡಿರುವುದು ಶಾಸ್ತ್ರಗಳ ಮೇಲಿನ ನಂಬಿಕೆ ಎಂದೂ ಹೇಳಿದರು. ಅಂದರೆ ಎರಡು ನಂಬಿಕೆಗಳ ನಡುವೆ ಜಗಳ ಇದೆ. ಶಾಸ್ತ್ರವನ್ನು ನಂಬಿದ ಊರಿನಲ್ಲಿ ಒಬ್ಬರನ್ನೊಬ್ಬರು ನಂಬಿದ ಜೋಡಿ ಬಾಳುವುದು ಹೇಗೆ?

ನಮ್ಮ ಜನಪ್ರಿಯ ಧಾರಾವಾಹಿಗಳು ಈ ಜಗಳದ ಹತ್ತಿರಕ್ಕೇ ಸುಳಿಯುವುದು ಅಪರೂಪ. ಸಾಹುಕಾರರ ಹುಡುಗ, ಬಡ ಮೇಷ್ಟ್ರ ಮಗಳು. ಜಾತಿಯ ಹೆಸರೇ ಬರುವುದಿಲ್ಲ. ಆದರೆ ಇಬ್ಬರ ಮನೆಯ ಅಡುಗೆ, ಹಬ್ಬ, ಹೆಸರು ನೋಡಿ, ಒಂದೇ ಪಂಕ್ತಿಯವರು! ಇದು ಅಂತರ ದಾಟಿದ ಕಥೆಯಲ್ಲ, ಅಂತರವನ್ನು ಮುಚ್ಚಿಟ್ಟ ಕಥೆ.

ಹೊಸದಾಗಿ ಬರೆಯುವ ಗೆಳೆಯ ಗೆಳತಿಯರೇ, ಪ್ರೇಮದ ಕಥೆ ಬರೆಯಿರಿ. ವೆಲುತನನ್ನು ಮತ್ತೆ ಮತ್ತೆ ಕೊಂದು ಕಣ್ಣೀರು ತರಿಸುವುದೂ ಸಾಕು. ಮದುವೆಯಾದ ಮೂರನೆಯ ದಿನದಿಂದ ಕಥೆ ಶುರುಮಾಡಿ. ಬಾಡಿಗೆ ಮನೆ ಕೊಟ್ಟವರು ಯಾರು, ನಲ್ಲಿ ಹತ್ತಿರ ಬಿಟ್ಟವರು ಯಾರು, ಅವಳ ತವರಿನ ಹಬ್ಬದಲ್ಲಿ ಅವನ ಎಲೆ ಎಲ್ಲಿ ಬಿತ್ತು, ಅವನ ಕೇರಿಯಲ್ಲಿ ಕೂತು ಉಣ್ಣಲು ಅವಳಿಗೆ ಎಷ್ಟು ದಿನ ಹಿಡಿಯಿತು. ಇಬ್ಬರೂ ಬೆಳೆಯುವುದು ಅಲ್ಲಿ.